ಸೋರುವ ಟ್ರಾನ್ಸಿಸ್ಟರಿನ ಹಾಡು

(ಬೆಂಗಳೂರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಗಿಟಾರ್ ನುಡಿಸುವವರು, ಎಲೆಕ್ಟ್ರಾನಿಕ್ಸ್ ಹುಚ್ಚಿನವರು ಸೇರಿದ್ದ ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಇದೆ. ಈ ಮೇಜಿನ ಮೇಲೆ ಒಂದು ಬ್ರೆಡ್‌ಬೋರ್ಡ್, ಅಂದರೆ ಬಿಡಿಭಾಗಗಳನ್ನು ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ, ಇಟ್ಟಿದ್ದೇನೆ. ಅದರ ಮೇಲಿರುವುದು ಫಜ್ ಪೆಡಲ್, ಗಿಟಾರಿನ ಶಬ್ದ ಬದಲಿಸಲು ಕಾಲಡಿ ಇಟ್ಟುಕೊಳ್ಳುವ ಡಬ್ಬಿಯ ಸರ್ಕ್ಯೂಟು. ಅದರಲ್ಲಿ ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ತಿರುಗಿಸುವ ಎರಡು ಕಂಟ್ರೋಲು. ಒಟ್ಟು ಹನ್ನೊಂದು ಬಿಡಿಭಾಗ, ಜೊತೆಗೆ 9 ವೋಲ್ಟಿನ ಒಂದು ಬ್ಯಾಟರಿ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಅನ್ನುವ ಕಾಲಿಗೆ, ವೋಲ್ಟ್ ಅಳೆಯಲು, ಮಲ್ಟಿಮೀಟರ್ ಹಾಕಿದ್ದೇನೆ. ಮುಂದಿನ ಸಾಲಿನಲ್ಲಿ ಕೂತವರು ಯಾರಾದರೂ ಓದಿ ಹೇಳಿ. ಮೈನಸ್ ಗುರುತು ಬಿಟ್ಟುಬಿಡಿ. 4.5, ಅಲ್ವಾ? ಸರಿ. ಮೀಟರ್ ಅಲ್ಲೇ ಇರಲಿ. ಕೊನೆಯಲ್ಲಿ ಮತ್ತೆ ನೋಡೋಣ.

ಈಗ ಕೇಳಿ. (ಇಲ್ಲಿ ಗಿಟಾರಿನಲ್ಲಿ ನಾಲ್ಕು ಸ್ವರ ನುಡಿಸಿದೆ. ಮೊದಲು ಪೆಡಲ್ ಇಲ್ಲದೆ, ಆಮೇಲೆ ಪೆಡಲ್ ಹಾಕಿ. ಹಿಂದಿನ ಸಾಲಿನಲ್ಲಿ ಯಾರೋ ಕಿವಿ ಮುಚ್ಚಿಕೊಂಡರು.)

ಇದೇ ಫಜ್. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಊರ ಮದುವೆಯ ಲೌಡ್‌ಸ್ಪೀಕರಿನಲ್ಲಿ ವಾಲ್ಯೂಮ್ ತುದಿಗೆ ತಿರುಗಿಸಿದಾಗ ಹಾಡು ಹರಿದುಹೋಗುತ್ತದಲ್ಲ, ಅದರ ಹತ್ತಿರದ ಸಂಬಂಧಿ. ಇದನ್ನು ಕೇಳಿದ ತಕ್ಷಣ ನಮ್ಮ ಮನೆಯಲ್ಲಿ ಬರುವ ಪ್ರಶ್ನೆ, "ಚೆನ್ನಾಗಿರೋ ಶಬ್ದವನ್ನ ದುಡ್ಡು ಕೊಟ್ಟು ಯಾಕೆ ಕೆಡಿಸ್ತೀಯ?" ಉತ್ತರಕ್ಕೆ ನಾನು ತಂಬೂರಿ ತೋರಿಸುತ್ತೇನೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ದಾರ ಸಿಕ್ಕಿಸುತ್ತಾರೆ. ಆ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ತಂತಿ 'ಝುಂ' ಅಂತ ಅರಳುತ್ತದೆ. ತೆಗೆದುಬಿಟ್ಟರೆ ಸಪ್ಪೆ. ಅದನ್ನು ನಮ್ಮವರು ಜೀವಾ ಅಂತ ಕರೆದರು. ತಂತಿ ಕುದುರೆಗೆ ತಾಗಿ ತಾಗಿ ಮೂಲ ಸ್ವರದ ಮೇಲೆ ಹತ್ತಾರು ಸಣ್ಣ ಸ್ವರಗಳು ಏಳುತ್ತವೆ, ಅಷ್ಟೇ. ಫಜ್ ಮಾಡುವುದೂ ಅದನ್ನೇ. ದಾರದ ಬದಲು ಟ್ರಾನ್ಸಿಸ್ಟರು. ನಾಜೂಕು ಮಾತ್ರ ಸ್ವಲ್ಪ ಕಡಿಮೆ.

ಹೇಗೆ ಅಂತ ನೋಡೋಣ. ರಾಗಿ ಅಳೆಯುವಾಗ ಸೇರಿನ ಮೇಲೆ ಗುಡ್ಡೆ ನಿಲ್ಲುತ್ತದೆ. ಕೈಯಾಡಿಸಿ ಅದನ್ನು ಸವರಿದರೆ ಮೇಲ್ಭಾಗ ಮಟ್ಟಸ. ಗಿಟಾರಿನ ಅಲೆಗೂ ಹೀಗೇ ಆಗುತ್ತದೆ. ಬ್ಯಾಟರಿ ಕೊಡುವುದು 9 ವೋಲ್ಟ್. ಅಲೆಯನ್ನು ಅದಕ್ಕಿಂತ ದೊಡ್ಡದಾಗಿ ಬೆಳೆಸಲು ಹೋದರೆ ಜಾಗವೇ ಇಲ್ಲ. ತಲೆ ಸವರಿ ಹೋಗುತ್ತದೆ, ಬುಡವೂ ಸವರಿ ಹೋಗುತ್ತದೆ. ದುಂಡನೆಯ ಅಲೆ ಚೌಕವಾಗುತ್ತದೆ. 440 ಹರ್ಟ್ಸಿನ ದುಂಡು ಅಲೆಯಲ್ಲಿ 440 ಒಂದೇ ಇರುತ್ತದೆ. ಅದೇ ಚೌಕವಾದರೆ ಜೊತೆಗೆ 1320, 2200 ಹೀಗೆ ಮೂರರಷ್ಟು, ಐದರಷ್ಟು ಸ್ವರಗಳೂ ಬರುತ್ತವೆ. ತಲೆ ಒಂದು ರೀತಿ, ಬುಡ ಇನ್ನೊಂದು ರೀತಿ ಸವರಿದರೆ ಎರಡರಷ್ಟು, ನಾಲ್ಕರಷ್ಟು ಸ್ವರಗಳೂ ಸೇರಿಕೊಳ್ಳುತ್ತವೆ. ಫಜ್‌ನ ರುಚಿ ಇರುವುದೇ ಈ ಸಮವಲ್ಲದ ಸವರುವಿಕೆಯಲ್ಲಿ.

ಇನ್ನೊಂದು ವಿಷಯ. ಗುಡ್ಡೆ ಎಷ್ಟೇ ದೊಡ್ಡದಿರಲಿ, ಸವರಿದ ಮೇಲೆ ಸೇರು ಸೇರೇ. ತಂತಿ ಮೀಟಿದ ಮೇಲೆ ಶಬ್ದ ನಿಧಾನಕ್ಕೆ ಇಳಿಯುತ್ತದೆ. ಆದರೆ ಅದು ಸೇರಿನ ಅಂಚಿಗಿಂತ ಮೇಲಿರುವವರೆಗೂ ನಮಗೆ ಒಂದೇ ಗಟ್ಟಿಯಲ್ಲಿ ಕೇಳಿಸುತ್ತದೆ. ಗಿಟಾರಿನ ಸ್ವರ ಪಿಟೀಲಿನ ಹಾಗೆ ಎಳೆದುಕೊಂಡು ಹೋಗುವುದಕ್ಕೆ ಇದೇ ಕಾರಣ.

ಚರಿತ್ರೆ ಬೇಗ ಮುಗಿಸುತ್ತೇನೆ. 1961ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಿಂದ ಗಾಯಕ ಮಾರ್ಟಿ ರಾಬಿನ್ಸ್ ಅವರ ಒಂದು ಹಾಡು ಹೊರಬಂತು. ಅದರ ನಡುವೆ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಹರಿದುಹೋದ ಹಾಗೆ ಕೇಳುತ್ತದೆ. ಸ್ಟುಡಿಯೋದ ಮಿಕ್ಸರಿನ ಒಂದು ಚಾನೆಲ್ ಕೆಟ್ಟಿತ್ತು. ಅಳಿಸಿ ಮತ್ತೆ ಮಾಡಬಹುದಿತ್ತು, ಮಾಡಲಿಲ್ಲ. ಜನಕ್ಕೆ ಅದೇ ಹಿಡಿಸಿತು. ಅಲ್ಲಿನ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ಶಬ್ದವನ್ನೇ ಟ್ರಾನ್ಸಿಸ್ಟರಿನಿಂದ ಬೇಕೆಂದೇ ಮಾಡುವ ಸರ್ಕ್ಯೂಟ್ ಕಟ್ಟಿದರು. 1962ರಲ್ಲಿ ಅದು ಮಾಯೆಸ್ಟ್ರೋ ಹೆಸರಿನಲ್ಲಿ ಪೆಡಲ್ ಆಗಿ ಮಾರುಕಟ್ಟೆಗೆ ಬಂತು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ದುಂಡನೆಯ ಡಬ್ಬಿಯಲ್ಲಿ ಫಜ್ ಫೇಸ್ ಅನ್ನುವ ಪೆಡಲ್ ತಂದಿತು. ಮೈಕ್ ಸ್ಟ್ಯಾಂಡಿನ ಬುಡ ನೋಡಿ ಆ ಆಕಾರ ಹೊಳೆಯಿತಂತೆ. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅದನ್ನು ಕಾಲಿನಡಿ ಇಟ್ಟುಕೊಂಡ ಮೇಲೆ ಬೇರೆ ಜಾಹೀರಾತು ಬೇಕಾಗಲಿಲ್ಲ. ನನ್ನ ಮೇಜಿನ ಮೇಲಿರುವುದು ಆ ಫಜ್ ಫೇಸ್‌ನ ಸರ್ಕ್ಯೂಟೇ.

ಈಗ ನನಗೆ ಇಷ್ಟವಾದ ಭಾಗ. ಟ್ರಾನ್ಸಿಸ್ಟರು.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಮೊದಲ ಟ್ರಾನ್ಸಿಸ್ಟರು ಮಾಡಿದ್ದು ಜರ್ಮೇನಿಯಂನಿಂದ. ಸಿಲಿಕಾನ್ ಆಮೇಲೆ ಬಂತು. ನಮ್ಮ ಊರಿಗೂ ಈ ಕತೆಯಲ್ಲಿ ಪಾಲಿದೆ. ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡಲು ಶುರು ಮಾಡಿತು. ಎಸಿ128 ಅನ್ನುವ ಪುಟ್ಟ ಲೋಹದ ಕೊಳವೆ ಆಗಿನ ರೇಡಿಯೋಗಳ ಹೊಟ್ಟೆಯಲ್ಲಿ ಇರುತ್ತಿತ್ತು. ಲಂಡನ್ನಿನ ಫಜ್ ಫೇಸ್‌ಗಳಲ್ಲೂ ಕೆಲವಕ್ಕೆ ಹಾಕಿದ್ದು ಎಸಿ128ನ್ನೇ. ಅಂದರೆ ನಮ್ಮ ಅಜ್ಜನ ಕಾಲದ ರೇಡಿಯೋದಲ್ಲಿ ವಾರ್ತೆ ಓದಿಸಿದ ಜಾತಿಯ ಟ್ರಾನ್ಸಿಸ್ಟರೇ ಅಲ್ಲಿ ರಾಕ್ ನುಡಿಸಿತು. ಈ ಬೋರ್ಡಿನ ಮೇಲಿನ ಎರಡೂ ಬಿಇಎಲ್ ಅಚ್ಚಿನವು.

ಟ್ರಾನ್ಸಿಸ್ಟರಿಗೆ ಮೂರು ಕಾಲು. ಎಮಿಟರ್, ಬೇಸ್, ಕಲೆಕ್ಟರ್. ಬೇಸಿಗೆ ಚಿಟಿಕೆಯಷ್ಟು ಕರೆಂಟ್ ಕೊಟ್ಟರೆ ಕಲೆಕ್ಟರಿನಿಂದ ಬೊಗಸೆಯಷ್ಟು ಹರಿಯುತ್ತದೆ. ಎಷ್ಟು ಪಟ್ಟು ಅನ್ನುವುದೇ ಗೇನ್. ನಲ್ಲಿಯ ಹೋಲಿಕೆ ಕೇಳಿ ಕೇಳಿ ಸಾಕಾಗಿದೆ, ಗೊತ್ತು. ಆದರೂ ಇಲ್ಲಿ ಬಿಡುವ ಹಾಗಿಲ್ಲ. ಯಾಕೆಂದರೆ ಜರ್ಮೇನಿಯಂ ನಲ್ಲಿ ನಿಜವಾಗಿಯೂ ಸೋರುತ್ತದೆ. ಬೇಸಿಗೆ ಏನೂ ಕೊಡದಿದ್ದರೂ ಕಲೆಕ್ಟರಿನಲ್ಲಿ ಕರೆಂಟ್ ತೊಟ್ಟಿಕ್ಕುತ್ತಲೇ ಇರುತ್ತದೆ. ಸಿಲಿಕಾನ್‌ಗಿಂತ ಜರ್ಮೇನಿಯಂನಲ್ಲಿ ಎಲೆಕ್ಟ್ರಾನಿಗೆ ಬಿಡಿಸಿಕೊಂಡು ಓಡಾಡಲು ಕಡಿಮೆ ಶಕ್ತಿ ಸಾಕು. ಕೋಣೆಯ ಬಿಸಿಯೇ ಅದಕ್ಕೆ ಸಾಕಾಗುತ್ತದೆ.

ಇದು ಗೊತ್ತಿಲ್ಲದೆ ನಾನು ಎಡವಿದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಬೀದಿ ಎಸ್‌ಪಿ ರೋಡಿನಲ್ಲಿ ಹತ್ತು ಎಸಿ128 ತಂದೆ. ಮೀಟರಿನಲ್ಲಿ ಗೇನ್ ಅಳೆಯುವ ತೂತು ಇರುತ್ತದಲ್ಲ, ಅದರಲ್ಲಿ ಒಂದೊಂದನ್ನೇ ಚುಚ್ಚಿ ನೋಡಿದೆ. ಒಂದು 70 ಅಂದಿತು, ಒಂದು 90, ಒಂದು 210! ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ 210ರದ್ದನ್ನೇ ಮೊದಲ ಜಾಗಕ್ಕೆ ಹಾಕಿ ಸೋಲ್ಡರ್ ಮಾಡಿದೆ. ತಂತಿ ಮೀಟಿದೆ. ಏನೂ ಇಲ್ಲ. ಜೋರಾಗಿ ಮೀಟಿದೆ. 'ಪುಸ್ಕ್' ಅಂತ ಒಂದು ಸದ್ದು. ಎರಡು ಸಂಜೆ ಸರ್ಕ್ಯೂಟ್ ತಿರುಗಿಸಿ ಮುರುಗಿಸಿ ನೋಡಿದೆ, ತಪ್ಪೇ ಸಿಗಲಿಲ್ಲ.

ಮುಂದಿನ ವಾರ ಮೈಸೂರಿಗೆ ಹೋದಾಗ ಹಳೇ ರೇಡಿಯೋ ರಿಪೇರಿ ಅಂಗಡಿಯ ಯಜಮಾನರೊಬ್ಬರಿಗೆ ಅದನ್ನು ತೋರಿಸಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. ತಲೆ ಎತ್ತದೆ ಕೇಳಿದರು, "ಬೇಸು ಬಿಟ್ಟು ನೋಡಿದ್ಯೇನಪ್ಪಾ?" ಇಲ್ಲ ಸಾರ್ ಅಂದೆ. ಮೀಟರು, ಬ್ಯಾಟರಿ, ಎರಡು ರೆಸಿಸ್ಟರು ತೆಗೆದು ಐದು ನಿಮಿಷದಲ್ಲಿ ಅಳೆದು ತೋರಿಸಿದರು. ನೋಡಿ, "ಇದು ಕೊಡಪಾನ ತೂತಾಗಿರೋದು. ನೀನು ಸೋರಿ ಹೋಗೋ ನೀರನ್ನೂ ಸೇರಿಸಿ ಲೆಕ್ಕ ಹಾಕಿದ್ದೀಯ" ಅಂದರು. ದುಡ್ಡು ತಗೊಳ್ಳಲಿಲ್ಲ. ಈ ಉಪನ್ಯಾಸದ ಮುಕ್ಕಾಲು ಪಾಲು ಆ ಐದು ನಿಮಿಷವೇ.

ಆ ಅಳತೆಯನ್ನು ಅದೇ ಟ್ರಾನ್ಸಿಸ್ಟರಿನ ಮೇಲೆ ಇಲ್ಲೇ ಮಾಡಿ ತೋರಿಸುತ್ತೇನೆ. ಪೆಡಲ್ ಕಟ್ಟುವವರು ಬಳಸುವ ಲೆಕ್ಕದಲ್ಲಿ ಮಾಡೋಣ, ಸುಲಭ. ಎಸಿ128 ಪಿಎನ್‌ಪಿ ಜಾತಿಯದು. ಹಾಗಾಗಿ ಎಮಿಟರು ಬ್ಯಾಟರಿಯ ಪ್ಲಸ್ಸಿಗೆ. ಕಲೆಕ್ಟರಿನಿಂದ ಮೈನಸ್ಸಿಗೆ 2.2 ಕೆ (ಕೆ ಅಂದರೆ ಸಾವಿರ ಓಮ್) ಮತ್ತು 270 ಓಮ್ ಒಂದರ ಹಿಂದೆ ಒಂದು, ಅಂದರೆ 2.47 ಕೆ. ಈ ಜೋಡಿಯ ಎರಡು ತುದಿಗೆ ಇನ್ನೊಂದು ಮೀಟರ್. ಬೇಸು ಗಾಳಿಯಲ್ಲಿ ಇರಲಿ. ಈಗ ಮೀಟರ್ 1.4 ವೋಲ್ಟ್ ತೋರಿಸುತ್ತಿದೆ. ಸೊನ್ನೆ ಇರಬೇಕಿತ್ತು. ಇದು ಪೂರ್ತಿ ಸೋರಿಕೆ. ಈಗ ಬೇಸಿನಿಂದ ಮೈನಸ್ಸಿಗೆ 2.2 ಮೆಗ್, ಅಂದರೆ 22 ಲಕ್ಷ ಓಮಿನ, ರೆಸಿಸ್ಟರ್ ಹಾಕುತ್ತೇನೆ. ಬೇಸಿಗೆ ಸುಮಾರು 4 ಮೈಕ್ರೋಆಂಪ್ ಸಿಗುತ್ತದೆ. ಮೀಟರ್ 2.1ಕ್ಕೆ ಏರಿತು. ಈ ರೆಸಿಸ್ಟರುಗಳನ್ನು ಆರಿಸಿರುವುದೇ ವೋಲ್ಟನ್ನು ನೂರರಿಂದ ಗುಣಿಸಿದರೆ ಗೇನ್ ಬರುವ ಹಾಗೆ. 210 ಬಂತು, ನನ್ನ ಮೀಟರಿನ ತೂತು ಹೇಳಿದ್ದೂ ಅದೇ. ಆದರೆ ಅದರಲ್ಲಿ 140 ಸುಳ್ಳು. ನಿಜವಾದ ಗೇನ್ ಬರೀ 70.

ಈ ಟ್ರಾನ್ಸಿಸ್ಟರಿನ ಕಾಲನ್ನು ಮುಟ್ಟದೆ, ಮೈಯನ್ನು ಮಾತ್ರ ಎರಡು ಬೆರಳಿನಲ್ಲಿ ಹಿಡಿದುಕೊಳ್ಳುತ್ತೇನೆ. ನೋಡ್ತಾ ಇರಿ. ಅಂಕಿ ಮೇಲೆ ಹತ್ತುತ್ತಿದೆ. ನಾನು ಏನೂ ಮಾಡುತ್ತಿಲ್ಲ, ಸುಮ್ನೆ ಹಿಡಿದಿದ್ದೇನೆ. ಬೆರಳಿನ ಬಿಸಿ ಅಷ್ಟೇ. ಸುಮಾರು ಹತ್ತು ಡಿಗ್ರಿ ಏರಿದರೆ ಸೋರಿಕೆ ಇಮ್ಮಡಿ ಅಂತ ಒಂದು ಅಂದಾಜು ಲೆಕ್ಕ ಇದೆ. ಹಾಗಾಗಿ ಟ್ರಾನ್ಸಿಸ್ಟರನ್ನು ಸಿಕ್ಕಿಸಿದ ಮೇಲೆ ಕೈ ಬಿಟ್ಟು, ಒಂದೆರಡು ನಿಮಿಷ ಕಾದು ಆಮೇಲೆ ಓದಬೇಕು. ಅವಸರದವರಿಗೆ ಜರ್ಮೇನಿಯಂ ಒಗ್ಗುವುದಿಲ್ಲ.

ಸರಿ, ಸೋರಿದರೆ ಪೆಡಲ್ ಯಾಕೆ ಸತ್ತಿತು? ಸರ್ಕ್ಯೂಟ್ ನೋಡೋಣ. ಮೊದಲ ಟ್ರಾನ್ಸಿಸ್ಟರಿನ ಎಮಿಟರು ನೇರ ನೆಲಕ್ಕೆ (ನೆಲ ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಗೆರೆ). ಅದರ ಕಲೆಕ್ಟರಿಗೆ 33 ಕೆ ಮೂಲಕ ಬ್ಯಾಟರಿ. ಅದೇ ಕಲೆಕ್ಟರು ನೇರವಾಗಿ ಎರಡನೆಯದರ ಬೇಸಿಗೆ. ನಡುವೆ ಕೆಪಾಸಿಟರೇ ಇಲ್ಲ. ಎರಡನೆಯದರ ಎಮಿಟರಿನಲ್ಲಿ 1 ಕೆ ಕಂಟ್ರೋಲು, ಅದೇ ಫಜ್ ಕಂಟ್ರೋಲು. ಆ ಎಮಿಟರಿನಿಂದ 100 ಕೆ ಹಿಂದಕ್ಕೆ ಬಂದು ಮೊದಲನೆಯದರ ಬೇಸಿಗೆ ಸೇರುತ್ತದೆ. ಈ 100 ಕೆ ಇಡೀ ಸರ್ಕ್ಯೂಟಿನ ಲಗಾಮು.

ಲೆಕ್ಕ ಸಣ್ಣದು, ಹೆದರಬೇಡಿ. 33 ಕೆ ಮೂಲಕ ಬರುವುದು ಸುಮಾರು ಕಾಲು ಮಿಲಿಆಂಪ್. ಮೊದಲ ಟ್ರಾನ್ಸಿಸ್ಟರು ಅದನ್ನು ನುಂಗಬೇಕು. ಗೇನ್ 80 ಇದ್ದರೆ ಅದರ ಬೇಸಿಗೆ 3 ಮೈಕ್ರೋಆಂಪ್ ಬೇಕು. ಅದು 100 ಕೆ ಮೂಲಕ ಬರಬೇಕಾದರೆ 0.3 ವೋಲ್ಟ್ ಖರ್ಚು. ಬೇಸ್–ಎಮಿಟರ್ ನಡುವಿನದೇ ಒಂದು 0.2. ಅಂದರೆ ಎರಡನೆಯದರ ಎಮಿಟರ್ ಅರ್ಧ ವೋಲ್ಟಿನಲ್ಲಿ ನಿಲ್ಲುತ್ತದೆ. 1 ಕೆ ಮೇಲೆ ಅರ್ಧ ವೋಲ್ಟ್ ಅಂದರೆ ಅರ್ಧ ಮಿಲಿಆಂಪ್. ಅದೇ ಕರೆಂಟು ಕಲೆಕ್ಟರಿನ 8.2 ಕೆ ಮತ್ತು 470 ಓಮ್‌ಗಳಲ್ಲಿ ಹರಿದಾಗ ನಾಲ್ಕು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕಳೆಯುತ್ತದೆ. ಕಲೆಕ್ಟರಿನಲ್ಲಿ ಉಳಿಯುವುದು ನಾಲ್ಕೂವರೆಯ ಆಸುಪಾಸು. ಬ್ಯಾಟರಿಯ ಅರ್ಧ. ಅಲೆ ಮೇಲೂ ಕೆಳಗೂ ಆಡಲು ಸಮ ಜಾಗ.

ನೋಡಿ, ಮೊದಲ ಟ್ರಾನ್ಸಿಸ್ಟರಿನ ಗೇನ್ ಅನ್ನುವ ಒಂದು ಅಂಕಿ, ಎರಡನೆಯದು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುತ್ತದೆ! ಅತ್ತೆ ಸೊಸೆ ಸಂಬಂಧ. ಮೊದಲ ಜಾಗಕ್ಕೆ 70–80, ಎರಡನೇ ಜಾಗಕ್ಕೆ 100–130 ಅಂತ ಪೆಡಲ್ ಕಟ್ಟುವವರು ಹುಡುಕುವುದು ಇದಕ್ಕೇ. ಮೊದಲಿನದು 150 ಇದ್ದರೆ ಬೇಸಿಗೆ ಬೇಕಾದ ಕರೆಂಟು ಅರ್ಧಕ್ಕೆ ಇಳಿದು, ಎರಡನೆಯದು ಆರು ವೋಲ್ಟಿನ ಹತ್ತಿರ ಹೋಗಿ ಕೂರುತ್ತದೆ. ಶಬ್ದ ಕತ್ತರಿಸಿದ ಹಾಗೆ ಬರುತ್ತದೆ.

ಈಗ ನನ್ನ ತೂತು ಕೊಡಪಾನ. 1.4 ವೋಲ್ಟನ್ನು 2.47 ಕೆಯಿಂದ ಭಾಗಿಸಿ. ಸೋರಿಕೆಯೇ ಅರ್ಧ ಮಿಲಿಆಂಪಿಗಿಂತ ಜಾಸ್ತಿ. ಆದರೆ 33 ಕೆ ಕೊಡುವುದೇ ಕಾಲು ಮಿಲಿಆಂಪ್! ಬಂದದ್ದನ್ನೆಲ್ಲ ಸೋರಿಕೆಯೇ ತಿಂದುಬಿಟ್ಟಿತು. ಎರಡನೆಯದರ ಬೇಸಿಗೆ ಏನೂ ಮಿಗಲಿಲ್ಲ. ಅದು ಮಲಗಿಬಿಟ್ಟಿತು. 'ಪುಸ್ಕ್' ಸದ್ದು ಅದರ ಗೊರಕೆ.

ಹಾಗಂತ ಸೋರಿಕೆಯೇ ಇಲ್ಲದ ಜರ್ಮೇನಿಯಂ ಸಿಗುವುದಿಲ್ಲ. ಬೇಕಾಗಿಯೂ ಇಲ್ಲ. ಬೇಸು ಬಿಟ್ಟಾಗ 0.2, 0.3 ವೋಲ್ಟ್ ತೋರಿಸುವಂಥದ್ದು ನನ್ನ ಮಟ್ಟಿಗೆ ಒಳ್ಳೆಯದು. ಹತ್ತು ತಂದರೆ ಎರಡು ಮೂರು ಸಿಕ್ಕರೆ ಅದೃಷ್ಟ. ಮತ್ತೆ, ಹಳೇ ಅಚ್ಚು ನೋಡಿ ಮರುಳಾಗಬೇಡಿ. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಬೇಸ್–ಎಮಿಟರ್ ನೋಡಿ. 0.2, 0.3 ಬಂದರೆ ಜರ್ಮೇನಿಯಂ. 0.6 ಬಂದರೆ ಒಳಗಿರುವುದು ಸಿಲಿಕಾನ್, ಮೇಲೆ ಏನೇ ಬರೆದಿರಲಿ.

ಕಟ್ಟುವ ಬಗ್ಗೆ ಮೂರು ಮಾತು. ಜರ್ಮೇನಿಯಂ ಕಾಲಿಗೆ ಸೋಲ್ಡರ್ ಹಾಕುವಾಗ ಮೈ ಮತ್ತು ಐರನ್ನಿನ ನಡುವೆ ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಿ, ಬಿಸಿಯನ್ನು ಅದು ಹೀರಿಕೊಳ್ಳುತ್ತದೆ. ಇನ್ನೂ ಒಳ್ಳೆಯದು, ಸಾಕೆಟ್ ಹಾಕಿ ಟ್ರಾನ್ಸಿಸ್ಟರನ್ನು ಕೊನೆಗೆ ಸಿಕ್ಕಿಸಿ. ಎರಡನೆಯದು, ಪಿಎನ್‌ಪಿ ಫಜ್‌ನಲ್ಲಿ ಪ್ಲಸ್ಸೇ ನೆಲ. ಬೇರೆ ಪೆಡಲ್‌ಗಳಲ್ಲಿ ಮೈನಸ್ಸು ನೆಲ. ಎಲ್ಲವನ್ನೂ ಒಂದೇ ಅಡಾಪ್ಟರಿಗೆ ಪೋಣಿಸಿದರೆ ಕೇಬಲ್ಲಿನ ಮೂಲಕ ಶಾರ್ಟ್ ಆಗುತ್ತದೆ. ನಾನು ಮಾಡಿ ನೋಡಿದ್ದೇನೆ, ನೀವು ಮಾಡಬೇಡಿ. ಇದಕ್ಕೆ ಬ್ಯಾಟರಿಯೇ ಸಾಕು. ಒಟ್ಟು ಬಳಕೆ ಮುಕ್ಕಾಲು ಮಿಲಿಆಂಪ್, ತಿಂಗಳುಗಟ್ಟಲೆ ಬರುತ್ತದೆ. ನುಡಿಸಿದ ಮೇಲೆ ಇನ್‌ಪುಟ್ ಜ್ಯಾಕಿನಿಂದ ಕೇಬಲ್ ಕೀಳಬೇಕು ಅಷ್ಟೇ.

ಮೂರನೆಯದು ಡಬ್ಬಿ. ಲೋಹದ್ದೇ ಇರಲಿ. ನನ್ನ ಎರಡನೇ ಪೆಡಲನ್ನು ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿ ಕೂರಿಸಿದ್ದೆ. ನೋಡಲು ಮುದ್ದಾಗಿತ್ತು. ಆನ್ ಮಾಡಿದರೆ ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನುವುದರ ಹಿಂದೆ ಯಾರೋ ಮಾತಾಡುತ್ತಿದ್ದರು. ಕಿವಿಗೊಟ್ಟು ಕೇಳಿದರೆ ಆಕಾಶವಾಣಿ! 612 ಕಿಲೋಹರ್ಟ್ಸಿನ ಬೆಂಗಳೂರು ನಿಲಯ ನನ್ನ ಗಿಟಾರ್ ಆಂಪ್ಲಿಫೈಯರಿನಲ್ಲಿ ಬರುತ್ತಿತ್ತು. ಅಮ್ಮ ಅಡುಗೆಮನೆಯಿಂದ "ರೇಡಿಯೋ ರಿಪೇರಿ ಆಯ್ತಾ?" ಅಂತ ಕೇಳಿದರು. ಕೇಬಲ್ಲೇ ಆಂಟೆನಾ ಆಗಿತ್ತು. ಬೇಸ್–ಎಮಿಟರ್ ಜೋಡಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ತಾನೇ, ಹಳೇ ಕ್ರಿಸ್ಟಲ್ ರೇಡಿಯೋ ಹಾಗೆ ಅದು ಮಾತನ್ನು ಹೆಕ್ಕಿ ತೆಗೆಯುತ್ತಿತ್ತು. ಅಲ್ಯೂಮಿನಿಯಂ ಡಬ್ಬಿಗೆ ಹಾಕಿ, ಡಬ್ಬಿಯನ್ನು ನೆಲಕ್ಕೆ ಸೇರಿಸಿದ ಮೇಲೆ ನಿಂತಿತು. ಸ್ವಲ್ಪ ಬೇಜಾರೂ ಆಯಿತು.

ನುಡಿಸುವಾಗ ಒಂದು ಗುಟ್ಟು. ಫಜ್ ಕಂಟ್ರೋಲು ಪೂರ್ತಿ ತಿರುಗಿಸಿಬಿಡಿ. ಆಗ 20 ಮೈಕ್ರೋಫ್ಯಾರಡ್ ಕೆಪಾಸಿಟರು ಎರಡನೇ ಎಮಿಟರಿನ ಅಲೆಯನ್ನು ಪೂರ್ತಿ ನೆಲಕ್ಕೆ ಇಳಿಸುತ್ತದೆ. ಹಿಂದಕ್ಕೆ ಎಳೆಯುವ ಲಗಾಮು ಸಡಿಲವಾಗುತ್ತದೆ. ಕಲೆಕ್ಟರಿನಲ್ಲಿ ಅಲೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ನಾವು ಅದರಲ್ಲಿ ಹೊರಗೆ ತೆಗೆದುಕೊಳ್ಳುವುದು 470 ಓಮಿನ ಮೇಲಿನ ಪಾಲು ಮಾತ್ರ, ನೂರಕ್ಕೆ ಐದರಷ್ಟು. ಪೂರ್ತಿ ತೆಗೆದರೆ ಆಂಪ್ಲಿಫೈಯರು ಹೆದರಿಬಿಡುತ್ತದೆ. ಆಮೇಲೆ ಗಿಟಾರಿನ ವಾಲ್ಯೂಮನ್ನು ಹತ್ತರಿಂದ ಏಳಕ್ಕೆ ಇಳಿಸಿ. (ನುಡಿಸಿ ತೋರಿಸಿದೆ.) ಕೇಳಿದಿರಾ? ಜೇನುನೊಣ ಹೋಗಿ ಗಂಟೆ ಬಂತು. ಈ ಸರ್ಕ್ಯೂಟ್ ಗಿಟಾರಿನ ಪಿಕಪ್ಪಿನಿಂದ (ತಂತಿಯ ಅಲುಗಾಟವನ್ನು ಕರೆಂಟಾಗಿಸುವ ಭಾಗದಿಂದ) ಕರೆಂಟನ್ನು ಜಗ್ಗಿ ಎಳೆಯುತ್ತದೆ. ವಾಲ್ಯೂಮ್ ಸ್ವಲ್ಪ ಇಳಿಸಿದರೂ ನಡುವೆ ದೊಡ್ಡ ರೆಸಿಸ್ಟರು ಬಂದ ಹಾಗೆ, ಫಜ್ ತಣ್ಣಗಾಗುತ್ತದೆ. ಅದಕ್ಕೇ ಇದನ್ನು ಗಿಟಾರಿನ ಪಕ್ಕದಲ್ಲೇ, ಎಲ್ಲ ಪೆಡಲ್‌ಗಳಿಗಿಂತ ಮೊದಲು ಇಡಬೇಕು.

ಒಬ್ಬರು ಕೈ ಎತ್ತಿ ಕೇಳಿದರು, "ಸಾರ್, ಸಿಲಿಕಾನ್ ಹಾಕಿದ್ರೆ ಈ ರಗಳೆ ಯಾವುದೂ ಇಲ್ವಲ್ಲ?"

ಇಲ್ಲ. ನಿಜ ಹೇಳಬೇಕೆಂದರೆ ಮೊದಲ ಸಲ ಕಟ್ಟುವವರು ಸಿಲಿಕಾನ್‌ನಲ್ಲೇ ಕಟ್ಟಿ. ಎರಡು ಬಿಸಿ108 (BC108) ಟ್ರಾನ್ಸಿಸ್ಟರು, ಅದೂ ಸಿಗದಿದ್ದರೆ ಬಿಸಿ547. ಕೆಲವೇ ರೂಪಾಯಿ. ಸೋರಿಕೆ ಇಲ್ಲವೆನ್ನುವಷ್ಟು ಕಡಿಮೆ. ಪಿಎನ್‌ಪಿಗೆ ತಿರುಗುಮುರುಗಾದ ಎನ್‌ಪಿಎನ್ ಜಾತಿ ಆದ್ದರಿಂದ ಮೈನಸ್ಸೇ ನೆಲ. ಆದರೆ ಬೇಸಿನ 0.2 ಜಾಗದಲ್ಲಿ 0.6 ಬರುವುದರಿಂದ ನಮ್ಮ ಲೆಕ್ಕ ಬದಲಾಗುತ್ತದೆ. 8.2 ಕೆಯನ್ನು ಇಳಿಸಬೇಕು, ಪ್ರಿಸೆಟ್ (ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ ಹೊಂದಿಸುವ ರೆಸಿಸ್ಟರು) ಹಾಕಿಕೊಂಡರೆ ಸುಲಭ. 60ರ ದಶಕದ ಕೊನೆಗೆ ಫಜ್ ಫೇಸ್ ಮಾಡುವವರೂ ಸಿಲಿಕಾನಿಗೇ ಹೋದರು. ಶಬ್ದ ಚೂಪು, ಗೇನ್ ವಿಪರೀತ, ಆಕಾಶವಾಣಿಯೂ ಜಾಸ್ತಿ. ನನ್ನ ಕಿವಿಗೆ ಜರ್ಮೇನಿಯಂ ಮೆತ್ತಗೆ, ಉದ್ದಿನ ಹಿಟ್ಟು ಕೈಯಲ್ಲಿ ರುಬ್ಬಿದ ಹಾಗೆ. ಕಣ್ಣು ಕಟ್ಟಿ ಕೇಳಿಸಿದರೆ ಹೇಳಬಲ್ಲೆನಾ? ಒಂದೇ ಸ್ವರ ನುಡಿಸಿದರೆ ಕಷ್ಟ. ಗಿಟಾರಿನ ವಾಲ್ಯೂಮ್ ಇಳಿಸಿದರೆ ಹೇಳಬಲ್ಲೆ.

"ಹಾಗಾದ್ರೆ ಬೇಸಿಗೆ ಕಾಲದಲ್ಲಿ ಜರ್ಮೇನಿಯಂ ಏನ್ಮಾಡ್ತೀರಿ?" ಅಂತ ಇನ್ನೊಬ್ಬರು.

ಒಳ್ಳೆಯ ಪ್ರಶ್ನೆ. ಮೀಟರ್ ಓದೋಣ. ಆಗ ಎಷ್ಟಿತ್ತು? 4.5. ಈಗ?

ಮುಂದಿನ ಸಾಲಿನ ಹುಡುಗಿ ಬಗ್ಗಿ ನೋಡಿ "5.0" ಅಂದಳು. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಕಿಟಕಿಯ ಬಿಸಿಲು ಮೇಜಿನ ಮೇಲೆ ಸರಿಯುತ್ತಾ ಬಂದು ಬೋರ್ಡಿನ ಮೇಲೆ ನಿಂತಿತ್ತು. ನಾಲ್ಕೈದು ಡಿಗ್ರಿ ಏರಿರಬೇಕು. ಮೊದಲನೆಯದರ ಸೋರಿಕೆ ಹೆಚ್ಚಾಯಿತು, ಬೇಸಿಗೆ ಬೇಕಾದ ಕರೆಂಟು ಅಷ್ಟು ಇಳಿಯಿತು, ಎರಡನೆಯದು ಮೇಲೆ ಜಾರಿತು. ಈ ಬೋರ್ಡಿನಲ್ಲೂ 8.2 ಕೆ ಜಾಗದಲ್ಲಿ ನಾನು ಪ್ರಿಸೆಟ್ಟೇ ಹಾಕಿದ್ದೇನೆ. ಆ ಹುಡುಗಿಯ ಕೈಗೇ ಸ್ಕ್ರೂಡ್ರೈವರ್ ಕೊಟ್ಟೆ. ಅವಳು ಮೆಲ್ಲಗೆ ತಿರುಗಿಸಿ 4.5ಕ್ಕೆ ತಂದು ನಿಲ್ಲಿಸಿದಳು. ಅವಳ ನೆರಳು ಬೋರ್ಡಿನ ಮೇಲೆ ಬಿದ್ದಿತ್ತು. ಅಂಕಿ ಮತ್ತೆ ನಿಧಾನಕ್ಕೆ ಇಳಿಯತೊಡಗಿತು.